ಅಪ್ಪ, ಮೊದಲು ಎದೆ ತೋರಿಸಿಕೊಳ್ಳಿ

ಎಲ್ ಪಾಸೊ, ಟೆಕ್ಸಾಸ್
ನವೆಂಬರ್ 12

ತೀರ್ಥರೂಪ ಅಪ್ಪನಿಗೆ ಸುಮಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯಬೇಕಿತ್ತು, ಈ ಸಲ ಕೈ ಬರಲಿಲ್ಲ.

ಹುಳಿಪುಡಿಯ ಪೊಟ್ಟಣದೊಳಗೆ ಅಮ್ಮ ಇಟ್ಟಿದ್ದ ಚೀಟಿ ನಿನ್ನೆ ಸಿಕ್ಕಿತು. ಅವಳನ್ನು ಗದರಬೇಡಿ. ಅಟ್ಟ ಹತ್ತಿ ಇಳಿದರೆ ಎದೆ ಹಿಡಿದುಕೊಂಡು ಕೂರುತ್ತೀರಂತೆ. ಆಂಜಿಯೋಗ್ರಾಂ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟು ಒಂದೂವರೆ ತಿಂಗಳಾಯಿತಂತೆ. ‘ಸುಮಾಳ ಜನವರಿ ಫೀಸು ಮುಗಿಯಲಿ’ ಎಂದಿರಂತೆ. ಫೋನಿನಲ್ಲಿ ಕೇಳಿದರೆ ‘ಗ್ಯಾಸ್, ಅಷ್ಟೇ’ ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ. ಅದಕ್ಕೇ ಕಾಗದ. ಕಾಗುಣಿತದ ತಪ್ಪು ಹುಡುಕಲಿಕ್ಕಾದರೂ ಇದನ್ನು ಕೊನೆಯವರೆಗೆ ಓದುತ್ತೀರಿ ಎಂದು ನನಗೆ ಗೊತ್ತು. ಫೋಟೋ ತೆಗೆದು ಶಶಿ ಭಾವನಿಗೆ ಕಳುಹಿಸುತ್ತೇನೆ, ಅವರು ಪ್ರಿಂಟು ತೆಗೆದು ಕೊಡುತ್ತಾರೆ.

ಅಮೆರಿಕಕ್ಕೆ ಹೋಗಿ ಸ್ಪ್ಯಾನಿಷ್ ಕಲಿಯುವುದು ದುಡ್ಡು ದಂಡವಲ್ಲವೇ ಎಂದು ಕೇಳಿದ್ದಿರಿ. ಅಪ್ಪ, ಇಲ್ಲಿ ನದಿ ದಾಟಿದರೆ ಮೆಕ್ಸಿಕೋದ ಹ್ವಾರೆಸ್ ನಗರ. ನಾವು ರಿಯೊ ಗ್ರಾಂದೆ ಎನ್ನುವ ನದಿಗೆ ಆ ದಡದವರು ರಿಯೊ ಬ್ರಾವೊ ಎನ್ನುತ್ತಾರೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ನಾನು ಸಮೀಕ್ಷೆಗೆ ಹೋಗುವ ಮನೆಗಳಲ್ಲಿ ಎಲ್ಲ ಕಡೆ ಸ್ಪ್ಯಾನಿಷ್. ಜನರ ಆರೋಗ್ಯದ ಬಗ್ಗೆ ಓದುವವಳಿಗೆ ಅವರ ನೋವು ಯಾವ ಭಾಷೆಯಲ್ಲಿದೆ ಎಂದು ತಿಳಿಯಬೇಡವೇ? ನಮ್ಮ ಕಾಲೇಜಿನ ವಿಷಯವನ್ನಂತೂ ನೀವು ನಂಬುವುದೇ ಇಲ್ಲ: ಕಟ್ಟಡಗಳೆಲ್ಲ ಭೂತಾನದ ಶೈಲಿಯವು! 1914ರಲ್ಲಿ ಪತ್ರಿಕೆಯೊಂದರಲ್ಲಿ ಬಂದ ಭೂತಾನದ ಚಿತ್ರಗಳನ್ನು ನೋಡಿ ಡೀನರ ಹೆಂಡತಿ ‘ಹೀಗೇ ಕಟ್ಟಿ’ ಎಂದರಂತೆ, 1917ರಲ್ಲಿ ಕಟ್ಟಿಯೇಬಿಟ್ಟರು. ಮರುಭೂಮಿಯ ನಡುವೆ ಹಿಮಾಲಯದ ಸೂರಿನ ಕೆಳಗೆ ಕೂತು ನಾನು ಸ್ಪ್ಯಾನಿಷ್ ವರ್ಣಮಾಲೆ ಒಪ್ಪಿಸುತ್ತೇನೆ.

ಅಕ್ಷರ 27 ಮಾತ್ರ, ಸ್ವರ ಐದೇ. ನಮ್ಮ ನಿಂಗಜ್ಜ ಹಾಲನ್ನು ‘ಆಲು’ ಎಂದಾಗಲೆಲ್ಲ ನೀವು ತಿದ್ದುತ್ತಿದ್ದಿರಲ್ಲ, ಇಲ್ಲಿ ನಿಂಗಜ್ಜನೇ ಸರಿ. ಬರೆಯುವಾಗ ಹಕಾರ ಇದ್ದರೂ ಉಚ್ಚರಿಸುವಂತಿಲ್ಲ, ಹಾಸ್ಪಿಟಲ್ ಎಂಬುದು ‘ಒಸ್ಪಿತಾಲ್’. ಪ್ರಶ್ನೆಯಾದರೆ ವಾಕ್ಯದ ಮೊದಲಿಗೇ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ನೀವು ಕನ್ನಡಕದ ಮೇಲಿನಿಂದ ನೋಡಿದರೆ ಸಾಕಲ್ಲ, ಪ್ರಶ್ನೆ ಬರುತ್ತಿದೆ ಎಂದು ಇಡೀ ತರಗತಿಗೆ ಗೊತ್ತಾಗುತ್ತಿತ್ತು, ಹಾಗೆ.

ತರಗತಿಯಲ್ಲಿ ನಾನೇ ಜಾಣೆ ಎಂದರೆ ಜಂಬವೆನ್ನಬೇಡಿ. ‘ಮೆ ಗುಸ್ತಾ ಎಲ್ ಕಫೆ’ ಎಂದರೆ ‘ನನಗೆ ಕಾಫಿ ಇಷ್ಟ’. ನೋಡಿ, ನನಗೆ! ಪಕ್ಕದ ಬೆಂಚಿನ ಹುಡುಗ ಎರಡು ತಿಂಗಳಿಂದ ‘ನಾನು’ ಎಂದೇ ಶುರುಮಾಡಿ ಬೈಸಿಕೊಳ್ಳುತ್ತಿದ್ದಾನೆ. ಪಾಪ, ಅವನಿಗೆ ಚತುರ್ಥಿ ವಿಭಕ್ತಿಯನ್ನು ಬಾಯಿಪಾಠ ಮಾಡಿಸಲು ನೀವಿರಲಿಲ್ಲ. ನೀನು ಮತ್ತು ನೀವು ಎಂಬ ಭೇದವೂ ಉಂಟು. ಇಂಗ್ಲಿಷಿನವರು ‘ಇದೆ’ ಎನ್ನುವ ಕಡೆ ಮಾತ್ರ ಇವರಿಗೆ ಎರಡು ಪದ, ‘ಎಸ್’ ಮತ್ತು ‘ಎಸ್ತಾ’. ಅಪ್ಪ ಮೇಷ್ಟರು ಎನ್ನಲು ‘ಎಸ್’ ಬೇಕು, ನಿವೃತ್ತಿಯಾದರೂ ಅದು ಹೋಗುವಂಥದ್ದಲ್ಲ. ಅಪ್ಪ ಚೆನ್ನಾಗಿದ್ದಾರೆ ಎನ್ನಲು ‘ಎಸ್ತಾ’, ಅದು ಇವತ್ತಿನ ಮಾತು.

ಸೋಮವಾರ ಮನೆಯವರ ಬಗ್ಗೆ ಹತ್ತು ವಾಕ್ಯ ಬರೆಯಲು ಹೇಳಿದ್ದರು. ‘ಪಪಾ’ ಎಂದರೆ ಅಪ್ಪ. ಕೊನೆಯ ಅಕ್ಷರದ ಮೇಲೊಂದು ಗೀರು ಎಳೆಯದಿದ್ದರೆ ಆಲೂಗಡ್ಡೆ. ನಾನು ಗೀರು ಮರೆತೆ. ‘ನನ್ನ ಆಲೂಗಡ್ಡೆಗೆ 63 ವರ್ಷ’ ಎಂದಾಯಿತು. ಮೇಡಂ ಕೆಂಪು ಶಾಯಿಯಲ್ಲಿ ಆಲೂಗಡ್ಡೆಯ ಚಿತ್ರ ಬರೆದುಕೊಟ್ಟರು. ಹತ್ತನೆಯ ವಾಕ್ಯ, ‘ಅಪ್ಪ ಚೆನ್ನಾಗಿದ್ದಾರೆ’ ಎಂಬುದಕ್ಕೆ, ಸರಿ ಗುರುತು ಹಾಕಿದ್ದರು. ಅದರ ಮರುದಿನವೇ ಅಮ್ಮನ ಚೀಟಿ.

ಈಗ ನಡೆಯುತ್ತಿರುವ ಪಾಠ ದೇಹದ ಅಂಗಗಳದ್ದು. ‘ಲೆ ದ್ವೆಲೆ ಎಲ್ ಪೆಚೊ?’ ನಿಮಗೆ ಎದೆ ನೋಯುತ್ತದೆಯೇ? ‘ದೆಸ್ದೆ ಕ್ವಾಂದೊ?’ ಯಾವಾಗಿನಿಂದ? ಪರಊರಿನ ಅಜ್ಜಂದಿರನ್ನು ಕೇಳಲು ಇವನ್ನು ಉರುಹೊಡೆಯುತ್ತಿದ್ದೇನೆ, ನೀವು ನನಗೆ ಗ್ಯಾಸ್ ಎನ್ನುತ್ತೀರಿ. ಉತ್ತರ ಬರೆಯಿರಿ: ಯಾವಾಗಿನಿಂದ? ಎಡಗೈಗೂ ಇಳಿಯುತ್ತದೆಯೇ? ಬೆವರುತ್ತೀರಾ?

ದುಡ್ಡಿನ ಮಾತು ಬೇಡ. ಸ್ಪ್ಯಾನಿಷಿನ ಫೀಸನ್ನು ಗ್ರಂಥಾಲಯದ ಸಂಬಳದಲ್ಲೇ ಕಟ್ಟಿದ್ದೇನೆ. ವಾರಕ್ಕೆ 20 ಗಂಟೆ ಕೆಲಸ, ಅದಕ್ಕಿಂತ ಹೆಚ್ಚು ಮಾಡಲು ಕಾನೂನೇ ಬಿಡುವುದಿಲ್ಲ, ಆದ್ದರಿಂದ ದಣಿವಿನ ಪ್ರಶ್ನೆಯೇ ಇಲ್ಲ. ಜನವರಿಯ ಫೀಸನ್ನು ಕಂತಿನಲ್ಲಿ ಕಟ್ಟುತ್ತೇನೆ. ಅಕ್ಕಿ ಇದೆ, ಬೇಳೆ ಇದೆ, ಹಳೆಯ ಸ್ವೆಟರ್ ಬೆಚ್ಚಗೆ ಇದೆ, ಚಳಿಯೂ ಅಂಥದ್ದಿಲ್ಲ. ನನಗೆ ಯಾವ ತೊಂದರೆಯೂ ಇಲ್ಲ, ನಿಜವಾಗಿಯೂ ಇಲ್ಲ. ನನ್ನ ಹೆಸರಿನಲ್ಲಿ ಎತ್ತಿಟ್ಟಿರುವುದನ್ನು ತೆಗೆಯಿರಿ. ಸೋಮವಾರ ಶಶಿ ಭಾವನ ಜೊತೆ ಮೈಸೂರಿನ ಜಯದೇವಕ್ಕೆ ಹೋಗಿ. ರಾಗಿ ಕಟಾವು ಆಗಲಿ, ಸೀನಣ್ಣನ ಗೃಹಪ್ರವೇಶ ಮುಗಿಯಲಿ ಎನ್ನಬೇಡಿ.

ಒಂಬತ್ತೂವರೆಗೆ ತರಗತಿ, ಬಸ್ಸು ಬರುವ ಹೊತ್ತಾಯಿತು. ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಪುಟ್ಟ ಇಳಿಸಲಿ. ನಿಮಗೆ ಬೆಳಿಗ್ಗೆ ಏಳಾದಾಗ ನನಗೆ ಹಿಂದಿನ ಸಂಜೆ ಆರೂವರೆ, ಎದ್ದೇ ಇರುತ್ತೇನೆ, ಆಸ್ಪತ್ರೆಯಿಂದಲೇ ಫೋನ್ ಮಾಡಿ. ಅಮ್ಮನಿಗೆ ಹುಳಿಪುಡಿ ಚೆನ್ನಾಗಿದೆ ಎಂದು ಹೇಳಿ.

ಇಂತಿ ನಿಮ್ಮ ಮಗಳು,
ಸುಮಾ

ಅಮ್ಮಾ, ಅವರು ಹೊರಡದಿದ್ದರೆ ಭಾನುವಾರ ರಾತ್ರಿಯೇ ನನಗೆ ತಿಳಿಸು.