ಪಾಯಿಂಟ್ ಕವರ್ ಬಿಚ್ಚಿ ನೋಡಿದ ಅಣ್ಣನಿಗೆ

ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತಣ್ಣಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗುವ ನನ್ನ ಹಳೆ ಬೈಕು, ಎಂಜಿನ್ ಬಿಸಿಯಾದರೆ ನಿಂತುಹೋಗುತ್ತಿತ್ತು. ನೋಡಿದವರೆಲ್ಲ ಕಾರ್ಬುರೇಟರ್ ಅಂದರು. ನೀವು ಮಾತ್ರ ಪಾಯಿಂಟ್ (ಪ್ಲಗ್‌ಗೆ ಕಿಡಿ ಹುಟ್ಟಿಸಲು ಕರೆಂಟ್ ಕಡಿದು ಕೂಡಿಸುವ ಪುಟ್ಟ ಸ್ವಿಚ್) ಕವರ್ ಬಿಚ್ಚಿ, ಕೈಯಿಂದ ನೆರಳು ಮಾಡಿ, ಕಿಕ್ ಹೊಡೆಯಲು ಹೇಳಿದಿರಿ. ಪಾಯಿಂಟ್‌ಗಳ ನಡುವೆ ದಪ್ಪ ನೀಲಿ ಕಿಡಿ! ಪ್ಲಗ್‌ಗೆ ಹೋಗಬೇಕಾದ ಶಕ್ತಿ ಇಲ್ಲೇ ಹಾಳಾಗುತ್ತಿದೆ, ಪಾಯಿಂಟ್‌ನಲ್ಲಿ ಹೀಗೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಹೋಗಿದೆ ಅಂದಿರಿ. ಬಿಸಿಗೆ, ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಕೂಡ ಹೀಗೇ ಕೈಕೊಡಬಹುದು, ಆದರೆ ಆಗ ಸಾಮಾನ್ಯವಾಗಿ ಪಾಯಿಂಟ್ ಇಷ್ಟು ಕರಕಲಾಗುವುದಿಲ್ಲ ಎಂದು ಬಿಡಿಸಿ ಹೇಳಿದಿರಿ. ಅಷ್ಟು ತಾಳ್ಮೆ ಯಾರಿಗಿರುತ್ತೆ, ಅಲ್ವಾ?

ನಿಮ್ಮದೇ ಕಂಡೆನ್ಸರ್ ಹಾಕಿ, ಪಾಯಿಂಟ್ ಉಜ್ಜಿ, ಸಂದು ಅಳೆಯುವ ಫೀಲರ್ ಗೇಜ್ ಹಿಡಿದು 0.38 ಮಿ.ಮೀ. ಗ್ಯಾಪ್ ಇಟ್ಟಿರಿ. ದುಡ್ಡು ಮುಟ್ಟಲಿಲ್ಲ. ಈಗ ಬೈಕು ಎಷ್ಟು ಬಿಸಿಯಾದರೂ ನಿಲ್ಲುವುದಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ.