ಹಿಗಾಶಿಯಾಮಾ ನೋಡಲು ಬೆಳಗಿನ ಆರು ಗಂಟೆ

ಮಾನ್ಯ ಸಂಪಾದಕರೇ,

ಪ್ರವಾಸ ಪುರವಣಿಗಳಲ್ಲೂ ಟೂರ್ ಕಂಪನಿಗಳ ಕರಪತ್ರಗಳಲ್ಲೂ ಜಪಾನಿನ ಕ್ಯೋಟೊ ನಗರಕ್ಕೆ ಸಿಗುವುದು ಹೆಚ್ಚೆಂದರೆ ಒಂದು ದಿನ. ಅದರಲ್ಲಿ ಹಳೆಯ ಬೀದಿಗಳಿರುವ ಹಿಗಾಶಿಯಾಮಾಕ್ಕೆ ಎರಡು ಮೂರು ತಾಸು, ಅದೂ ನಡುಮಧ್ಯಾಹ್ನ. ಆ ಹೊತ್ತಿಗೆ ಹೋದವರಿಗೆ ಕಾಣುವುದು ಮುಂದಿನವರ ಬೆನ್ನು ಮಾತ್ರ. ಈ ಬಡಾವಣೆಗೆ ಅರ್ಧ ದಿನವೇ ಸಾಕು. ಆದರೆ ಅದು ಬೆಳಗಿನ ಅರ್ಧವಾಗಿರಬೇಕು, ನಡಿಗೆ ದಕ್ಷಿಣದ ಎತ್ತರದಿಂದ ಉತ್ತರಕ್ಕೆ ಇಳಿಯುತ್ತ ಸಾಗಬೇಕು. ಹೊರಡುವ ಮೊದಲು ಕನ್ನಡ ಓದುಗರಿಗೆ ಈ ವಿವರಗಳು ಸಿಗಲಿ ಎಂದು ಈ ಪತ್ರ.

ದಕ್ಷಿಣದ ಎತ್ತರದಲ್ಲಿರುವುದು ಕಿಯೋಮಿಜು ದೇವಾಲಯ. ಸ್ಥಾಪನೆ 778ರಲ್ಲಿ, ಈಗಿನ ಮುಖ್ಯ ಮಂದಿರ 1633ರದು. ಸುಮಾರು 13 ಮೀಟರ್ ಎತ್ತರದ ಮರದ ಜಗಲಿಯ ಕಂಬ, ತೊಲೆಗಳನ್ನು ಮೊಳೆ ಹೊಡೆಯದೆ ಒಂದಕ್ಕೊಂದು ಸಿಕ್ಕಿಸಿ ಬಿಗಿದಿದ್ದಾರೆ. ಪ್ರವೇಶ ದರ 500 ಯೆನ್. ಬಾಗಿಲು ತೆರೆಯುವುದು ಬೆಳಿಗ್ಗೆ 6ಕ್ಕೆ, ನಮ್ಮವರ ವೇಳಾಪಟ್ಟಿಗಳಲ್ಲಿ ಕಾಣೆಯಾಗುವುದು ಇದೇ ಸಂಗತಿ. ಟೂರ್ ಬಸ್ಸುಗಳು ಬಂದು ನಿಲ್ಲತೊಡಗಿದರೆ ಕಿರಿದಾದ ಬೀದಿಗಳು ತುಂಬಿಹೋಗುತ್ತವೆ. 6.15ಕ್ಕೆ ಒಳಗಿದ್ದರೆ 7.30ರೊಳಗೆ ಮಂದಿರ, ಜಗಲಿ, ಕೆಳಗೆ ಮೂರು ಧಾರೆಗಳಾಗಿ ಬೀಳುವ ಒತೊವಾ ನೀರು ಎಲ್ಲವನ್ನೂ ನೋಡಿ ಮುಗಿಸಬಹುದು.

ಅಲ್ಲಿಗೆ ತಲುಪುವ ಬಗೆ ಹೀಗೆ. ಕ್ಯೋಟೊ ನಿಲ್ದಾಣದಿಂದ 206ನೇ ಸಂಖ್ಯೆಯ ಸಿಟಿ ಬಸ್ ಇದೆ, 230 ಯೆನ್. ಹಿಂಬಾಗಿಲಿನಲ್ಲಿ ಹತ್ತಿ, ಇಳಿಯುವಾಗ ಚಾಲಕನ ಪಕ್ಕದ ಪೆಟ್ಟಿಗೆಗೆ ಹಣ ಹಾಕಬೇಕು. ಪೆಟ್ಟಿಗೆ ಚಿಲ್ಲರೆ ವಾಪಸು ಕೊಡುವುದಿಲ್ಲ, ಆದ್ದರಿಂದ ನಾಣ್ಯಗಳನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಹತ್ತು ಗಂಟೆಯ ಮೇಲೆ ಈ ಬಸ್ಸಿಗೆ ಉದ್ದನೆಯ ಸಾಲು, ರಸ್ತೆಯಲ್ಲೂ ದಟ್ಟಣೆ. ಆಗ ರೈಲೇ ಮೇಲು: ಜೆಆರ್ (ಜಪಾನ್ ರೈಲ್ವೇಸ್) ನಾರಾ ಮಾರ್ಗದಲ್ಲಿ ಒಂದೇ ನಿಲ್ದಾಣ ದಾಟಿ ತೊಫುಕುಜಿಯಲ್ಲಿ ಇಳಿದು, ಕೇಯ್ಹಾನ್ ರೈಲು ಹಿಡಿದು ಕಿಯೋಮಿಜು-ಗೊಜೊ ತಲುಪಬೇಕು. ಅಲ್ಲಿಂದ ಇಪ್ಪತ್ತೈದು ನಿಮಿಷದ ಏರುನಡಿಗೆ. ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ ಹೋಟೆಲಿನಿಂದಲೇ ಟ್ಯಾಕ್ಸಿ ಮಾಡಿ. ಬಸ್ಸಿಗೆ ಮಾತ್ರ ಸಿಗುತ್ತಿದ್ದ ದಿನದ ಪಾಸ್ 2024ರ ಮಾರ್ಚ್‌ಗೆ ನಿಂತುಹೋಗಿದೆ. ಹಳೆಯ ಲೇಖನಗಳನ್ನು ನಂಬಿ ಅದನ್ನು ಕೇಳುವವರು ಇನ್ನೂ ಇದ್ದಾರೆ. ಈಗಿರುವುದು ಸುರಂಗ ರೈಲು ಮತ್ತು ಬಸ್ ಎರಡಕ್ಕೂ ನಡೆಯುವ 1,100 ಯೆನ್ ಪಾಸ್. ಹಿಗಾಶಿಯಾಮಾ ಒಂದನ್ನೇ ನೋಡುವವರಿಗೆ ಅದು ದಂಡ.

ದೇವಾಲಯದಿಂದ ಕೆಳಗಿಳಿದರೆ ಸನ್ನೆನ್‌ಜಾಕಾ, ಅದರ ಮುಂದೆ ನಿನೆನ್‌ಜಾಕಾ. ಕಲ್ಲುಹಾಸಿನ ಇಳಿಜಾರು, ಮೆಟ್ಟಿಲು, ಎರಡೂ ಬದಿಗೆ ಮರದ ಮನೆಗಳು. 1976ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಪಾರಂಪರಿಕ ಬಡಾವಣೆ ಎಂದು ಗುರುತಿಸಿತು. ಅಂದಿನಿಂದ ಮನೆಗಳ ಹೊರರೂಪವನ್ನು ಮನಬಂದಂತೆ ಬದಲಿಸುವ ಹಾಗಿಲ್ಲ. ಸನ್ನೆನ್‌ಜಾಕಾದಲ್ಲಿ ಎಡವಿ ಬಿದ್ದರೆ ಮೂರು ವರ್ಷದೊಳಗೆ ಕೇಡು ಎಂಬ ನಂಬಿಕೆ ಅಲ್ಲಿದೆ. ನಂಬಿಕೆ ಹೇಗೂ ಇರಲಿ, ಮಳೆ ಬಿದ್ದಾಗ ಆ ಕಲ್ಲು ಜಾರುವುದಂತೂ ನಿಜ. ಚಪ್ಪಲಿ ಬೇಡ, ಹಿಡಿತವಿರುವ ಶೂ ಇರಲಿ. ದೇವಾಲಯಗಳೊಳಗೆ ಶೂ ಬಿಚ್ಚಬೇಕಾದ್ದರಿಂದ ತೂತಿಲ್ಲದ ಕಾಲುಚೀಲವೂ ಇರಲಿ. ಈ ಹೊತ್ತಿನಲ್ಲಿ ಅಂಗಡಿಗಳು ತೆರೆದಿರುವುದಿಲ್ಲ, ತಿಂಡಿಯನ್ನು ಹಿಂದಿನ ರಾತ್ರಿಯೇ ಕೊಂಡಿಟ್ಟುಕೊಳ್ಳಿ. ಆದರೆ 46 ಮೀಟರ್ ಎತ್ತರದ ಯಸಾಕಾ ಗೋಪುರವನ್ನು ಯಾರೂ ಅಡ್ಡ ಬರದಂತೆ ನೋಡಲು ಸಿಗುವುದೂ ಇದೇ ಹೊತ್ತಿನಲ್ಲಿ. ಈಗಿನ ಗೋಪುರವನ್ನು ಕಟ್ಟಿದ್ದು 1440ರಲ್ಲಿ.

ಒಂಬತ್ತಕ್ಕೆ ಕೊದೈಜಿ ದೇವಾಲಯ ತೆರೆಯುತ್ತದೆ. ದೊರೆ ಹಿದೆಯೊಶಿಯ ನೆನಪಿಗೆ ಅವನ ಮಡದಿ ನೆನೆ 1606ರಲ್ಲಿ ಕಟ್ಟಿಸಿದ್ದು. ತೋಟಕ್ಕಾಗಿಯೇ ಒಂದು ತಾಸು ಕೊಡಬಹುದು. ಅಲ್ಲಿಂದ ಮರುಯಾಮಾ ಉದ್ಯಾನ ದಾಟಿದರೆ ಯಸಾಕಾ ದೇಗುಲ. ಅದಕ್ಕೆ ಟಿಕೆಟ್ ಇಲ್ಲ, ಹಗಲಿರುಳೂ ತೆರೆದಿರುತ್ತದೆ. 1868ರವರೆಗೆ ಅದರ ಹೆಸರು ಗಿಯೊನ್. ಸುತ್ತಲಿನ ಬಡಾವಣೆಗೂ ಜುಲೈ ತಿಂಗಳ ದೊಡ್ಡ ಜಾತ್ರೆಗೂ ಇಂದಿಗೂ ಅದೇ ಹೆಸರು. ಗಿಯೊನ್ ಎಂಬುದು 'ಗಿಯೊನ್ ಶೋಜಾ' ಎನ್ನುವುದರ ಮೊಟಕು ರೂಪ. ಅದು ಅನಾಥಪಿಂಡಿಕನೆಂಬ ವರ್ತಕ ಬುದ್ಧನಿಗೆ ಶ್ರಾವಸ್ತಿಯಲ್ಲಿ ಕೊಟ್ಟ ಜೇತವನ ವಿಹಾರದ ಜಪಾನಿ ಹೆಸರು. ಭಾರತದಿಂದ ಹೋದ ಪ್ರವಾಸಿಗರಿಗೆ ಗೈಡ್‌ಗಳು ಇದನ್ನು ಮೊದಲು ಹೇಳಬೇಕು, ಹೇಳುವವರು ಮಾತ್ರ ಕಡಿಮೆ.

ಗಿಯೊನ್‌ನ ಹನಾಮಿಕೋಜಿ ಬೀದಿಯಲ್ಲಿ ನಡೆಯಲು ಅಡ್ಡಿಯಿಲ್ಲ. ಆದರೆ ಅದರಿಂದ ಕವಲೊಡೆಯುವ ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ, ಹೊಕ್ಕರೆ 10,000 ಯೆನ್ ದಂಡದ ಫಲಕವಿದೆ. ಕೆಲಸಕ್ಕೆ ಹೊರಟ ಗೇಶಾಗಳನ್ನು (ಹಾಡು, ನೃತ್ಯದ ಸಾಂಪ್ರದಾಯಿಕ ಕಲಾವಿದೆಯರನ್ನು) ಅಡ್ಡಗಟ್ಟಿ, ತೋಳು ಎಳೆದು ಫೋಟೊ ತೆಗೆದವರಿಂದ ಬಂದ ನಿಯಮ ಅದು. ದಯವಿಟ್ಟು ಪಾಲಿಸಿ. ಬೀದಿಯ ದಕ್ಷಿಣ ತುದಿಯಲ್ಲಿ 1202ರ ಕೆನ್ನಿನ್‌ಜಿ ದೇವಾಲಯ ಇದೆ. ಚಾವಣಿಯ ಮೇಲಿನ ಜೋಡಿ ಡ್ರ್ಯಾಗನ್‌ಗಳಿಗಾಗಿಯಾದರೂ ಒಳಗೆ ಹೋಗಿ.

ಸಸ್ಯಾಹಾರಿಗಳು ಎಡವುವುದು ಊಟದಲ್ಲಿ. ತಟ್ಟೆಯಲ್ಲಿ ಮೀನು ಕಾಣದಿದ್ದರೂ ಸಾರಿನಲ್ಲಿ ಇರುತ್ತದೆ. ಉದೊನ್ ಸಾರು, ಮಿಸೊ ಸಾರು, ತೋಫುವಿನ ಜೊತೆ ಕೊಡುವ ಅದ್ದುರಸ ಎಲ್ಲಕ್ಕೂ ಮೂಲ 'ದಾಶಿ'. ಅದನ್ನು ಸಾಮಾನ್ಯವಾಗಿ ಒಣಗಿಸಿದ ಕತ್ಸುಓ ಮೀನಿನ ಚೂರುಗಳಿಂದ ತೆಗೆಯುತ್ತಾರೆ. 'ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಮಾಂಸದ ತುಂಡು ತೆಗೆದಿಟ್ಟು ಅದೇ ಸಾರು ಬಡಿಸುವುದುಂಟು. 'ನಿಕು ಮೊ ಸಕಾನಾ ಮೊ ತಾಬೆಮಾಸೆನ್' ಅಂದರೆ ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ. 'ಕತ್ಸುಓ ದಾಶಿ ಮೊ' ಎಂದು ಸೇರಿಸಿ, ಜಪಾನಿ ಲಿಪಿಯಲ್ಲೂ ಬರೆಸಿಟ್ಟುಕೊಳ್ಳಿ. ನೆಮ್ಮದಿಯ ಊಟ ಬೇಕಿದ್ದರೆ ಬೌದ್ಧ ಭಿಕ್ಷುಗಳ 'ಶೋಜಿನ್ ರಿಯೋರಿ'. ಅದರ ದಾಶಿ ಕಡಲಪಾಚಿ, ಅಣಬೆಯದು. ಇದಕ್ಕೆ ಮೊದಲೇ ಕಾಯ್ದಿರಿಸುವುದು ಒಳ್ಳೆಯದು. ಅಕ್ಕಿಹಿಟ್ಟಿನ ಮೆತ್ತನೆಯ ಹಾಳೆಗೆ ದಾಲ್ಚಿನ್ನಿ ಹಾಕಿ, ಕೆಂಪು ಕಾಳಿನ ಹೂರಣ ತುಂಬಿ ಮಡಚಿದ ಯತ್ಸುಹಾಶಿ ಇಲ್ಲಿನ ಸಿಹಿ, ನಮ್ಮ ನಾಲಿಗೆಗೆ ಕೂಡಲೇ ಹಿಡಿಸುತ್ತದೆ.

ಟೋಕಿಯೊದಿಂದ ಬರುವವರು ಜೆಆರ್ ರೈಲುಗಳಲ್ಲಿ ಎಷ್ಟು ಸಲವಾದರೂ ಓಡಾಡಬಹುದಾದ 7 ದಿನದ ಜೆಆರ್ ಪಾಸ್‌ಗೆ ಕಣ್ಣುಮುಚ್ಚಿ ಹಣ ಕಟ್ಟಬೇಡಿ. 2023ರ ಅಕ್ಟೋಬರ್‌ನಲ್ಲಿ ಅದರ ಬೆಲೆ 29,650ರಿಂದ 50,000 ಯೆನ್‌ಗೆ ಏರಿತು. ಟೋಕಿಯೊ–ಕ್ಯೋಟೊ ಶಿಂಕಾನ್ಸೆನ್ (ಬುಲೆಟ್ ರೈಲು) ಟಿಕೆಟ್ ಒಂದು ಬದಿಗೆ ಸುಮಾರು 14,000, ಹೋಗಿಬರಲು 28,000. ಇನ್ನು ಈ ರೈಲಿನಲ್ಲಿ ಒಯ್ಯುವ ಸೂಟ್‌ಕೇಸ್. ಉದ್ದ, ಅಗಲ, ದಪ್ಪ ಕೂಡಿ 160 ಸೆಂ.ಮೀ. ಮೀರಿದರೆ ಅದಕ್ಕೆ ಜಾಗವಿರುವ ಸೀಟನ್ನು ಮೊದಲೇ ಕಾಯ್ದಿರಿಸಬೇಕು. ಅದಕ್ಕೆ ಬೇರೆ ಹಣವಿಲ್ಲ. ಮರೆತರೆ 1,000 ಯೆನ್ ಕೊಡಬೇಕಾಗುತ್ತದೆ. ಹೋಟೆಲಿನಿಂದ ಹೋಟೆಲಿಗೆ ಕೊರಿಯರ್ ಮಾಡುವ 'ತಕ್ಯೂಬಿನ್' ಸೇವೆ ಇನ್ನೂ ಹಗುರ.

ಯಾವಾಗ ಹೋಗಬೇಕು ಎಂಬುದಕ್ಕೆ ನಮ್ಮ ಶಾಲಾ ರಜೆಯೇ ತೊಡಕು. ಬೇಸಿಗೆ ರಜೆಯ ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನವರದೇ ಸಾಲು ರಜೆ. ಆ ವಾರ ಬಿಡಿ. ದಸರಾ ರಜೆಯ ಅಕ್ಟೋಬರ್ ಹಿತವಾದ ಕಾಲ. ಮೇಪಲ್ ಎಲೆ ಕೆಂಪಾಗುವುದು ನವೆಂಬರ್ ನಡುವಿನ ಮೇಲೆ, ಆಗ ಹೋಟೆಲ್ ದರವೂ ಜನಜಂಗುಳಿಯೂ ಏರಿರುತ್ತವೆ. ಕ್ಯೋಟೊದ ವಸತಿ ತೆರಿಗೆ 2026ರ ಮಾರ್ಚ್‌ನಿಂದ ಹೆಚ್ಚಿದೆ. ತಲೆಗೆ ರಾತ್ರಿಗೆ 6,000ದಿಂದ 20,000 ಯೆನ್ ಒಳಗಿನ ಕೋಣೆಗೆ 400 ಯೆನ್.

ಸಂಪಾದಕರಲ್ಲಿ ಒಂದು ಕೋರಿಕೆ: ಪ್ರವಾಸ ಲೇಖನಗಳ ಕೊನೆಗೆ ತೆರೆಯುವ ಸಮಯ, ದರ ಮತ್ತು ಅವನ್ನು ಯಾವ ತಿಂಗಳು ಪರಿಶೀಲಿಸಿದ್ದು ಎಂಬ ಒಂದು ಸಾಲನ್ನು ತಪ್ಪದೆ ಅಚ್ಚು ಹಾಕಿ.

ಇತಿ,
ಓದುಗರೊಬ್ಬರು, ಮೈಸೂರು