ಹಾವಸೆಯ ಹಿಂದೆ ಬಿದ್ದವನ ಕೃತಜ್ಞತೆಗಳು

ಕಳೆದ ವಾರ ನನ್ನ ಪಿಎಚ್‌ಡಿ ಮೌಖಿಕ ಪರೀಕ್ಷೆ ಮುಗಿಯಿತು. ಮಲೆನಾಡಿನ ಹಾವಸೆಗಳ (ಕಲ್ಲು, ಮರಗಳ ಮೇಲೆ ಪಾಚಿಯಂತೆ ಹಬ್ಬುವ ಪುಟ್ಟ ಸಸ್ಯಗಳ) ಸಾರಕ್ಕೆ ಬ್ಯಾಕ್ಟೀರಿಯಾ ಮತ್ತು ಕ್ಯಾನ್ಸರ್ ಜೀವಕೋಶಗಳನ್ನು ತಡೆಯುವ ಶಕ್ತಿ ಇದೆಯೇ ಎಂಬುದು ನನ್ನ ವಿಷಯ. ಪ್ರಬಂಧದ ಮೊದಲ ಪುಟದಲ್ಲಿ ಅಧಿಕಾರಸ್ಥರ ಹೆಸರುಗಳೇ ತುಂಬಿಹೋದವು. ಉಳಿದವರ ಋಣ ಇಲ್ಲಿದೆ.

ಮೊದಲು ಅಮ್ಮ. ಮಳೆಗಾಲದಲ್ಲಿ ತಂದ ಹಾವಸೆ ನೆರಳಿನಲ್ಲೇ ಒಣಗಬೇಕು. ಬೂಷ್ಟು ಹಿಡಿದರೂ ಬಚ್ಚಲೊಲೆಯ ಹೊಗೆ ತಾಗಿದರೂ ಮಾದರಿ ಕೆಟ್ಟಂತೆ. ಅಡಿಕೆಗೇ ಜಾಗ ಸಾಲದ ಮನೆಯಲ್ಲಿ ನನ್ನ ಹಳೆಯ ಪತ್ರಿಕೆಗಳನ್ನು ಹಾಸಲು ಜಾಗ ಮಾಡಿಕೊಟ್ಟಳು. ಕನ್ನಡಕ ಹಾಕಿಕೊಂಡು, ಚಿಮಟ ಹಿಡಿದು, ಹಾವಸೆಯೊಳಗಿನ ಮಣ್ಣು, ಹುಲ್ಲಿನ ಬೇರು, ಸಾಸಿವೆ ಗಾತ್ರದ ಬಸವನಹುಳುಗಳನ್ನೆಲ್ಲ ಆರಿಸಿದಳು. ಅಷ್ಟನ್ನೂ ಪುಡಿ ಮಾಡಿ, ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ದ್ರಾವಕವನ್ನು ಆವಿಯಾಗಿಸಿದರೆ ಗಾಜಿನ ತಳದಲ್ಲಿ ಉಳಿಯುವುದು ಚೂರು ಕಡುಹಸಿರು ಅಂಟು. ಅದರ ಫೋಟೋ ನೋಡಿ, ‘ಇಷ್ಟಕ್ಕಾ ನನ್ನ ಸೊಂಟ ಮುರಿದದ್ದು?’ ಎಂದಳು.

ಯಾವ ಹಾವಸೆ ಯಾವ ಜಾತಿಯದೆಂದು ಗುರುತಿಸಿಕೊಟ್ಟ ನಿವೃತ್ತ ಮೇಷ್ಟರಿಗೆ ನಮಸ್ಕಾರ. ಸೂಕ್ಷ್ಮದರ್ಶಕದಡಿ ಒಂದೇ ಎಲೆಯ ಅಂಚನ್ನು ನೋಡುತ್ತ ಅವರು ಅರ್ಧ ದಿನ ಕೂರಬಲ್ಲರು. ಹೆಸರು ತಪ್ಪಾದರೆ ಮುಂದಿನ ಪರೀಕ್ಷೆಗಳೆಲ್ಲ ಹೊಳೆಗೆ ಹಾಕಿದ ಹುಣಸೆಹಣ್ಣು.

ಇನ್ನು ನಮ್ಮ ಗೈಡ್ ಮೇಡಂ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಹರಡಿದ ತಟ್ಟೆಯಲ್ಲಿ, ಸಾರ ಹಾಕಿದ ಗುಳಿಯ ಸುತ್ತ ಮೊದಲ ಸಲ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವೃತ್ತ ಮೂಡಿದಾಗ ನಾನು ಕುಣಿಯುವುದೊಂದು ಬಾಕಿ. ಅವರು ಕೇಳಿದ್ದು ಒಂದೇ ಮಾತು: ‘ಬರೀ ದ್ರಾವಕ ಹಾಕಿದ ಗುಳಿ ಎಲ್ಲಿ?’ ಅದೂ ಪಕ್ಕದಲ್ಲೇ ಇತ್ತು, ಅದರ ಸುತ್ತ ವೃತ್ತವಿರಲಿಲ್ಲ; ಅಂದರೆ ತಡೆದದ್ದು ದ್ರಾವಕವಲ್ಲ, ಸಾರವೇ. ಆಗಷ್ಟೇ ನಕ್ಕರು. ಅದೇ ಸಾರ ಇ. ಕೋಲಿ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಮುಂದೆ ಸೋತಾಗ ಆ ಸೋಲನ್ನೂ ಪ್ರಬಂಧದಲ್ಲಿ ಬರೆಸಿದರು. ಹೀಲಾ ಎಂಬ ಕ್ಯಾನ್ಸರ್ ಜೀವಕೋಶಗಳನ್ನು ತಡೆದ ಸಾರ ಆರೋಗ್ಯವಂತ ಜೀವಕೋಶಗಳನ್ನೂ ಬಿಡಲಿಲ್ಲ ಎಂಬುದನ್ನು ಅಡಿಟಿಪ್ಪಣಿಯಲ್ಲಿ ಅಡಗಿಸಲು ಬಿಡದೆ ಸಾರಾಂಶದಲ್ಲೇ ಹಾಕಿಸಿದರು. 1988ರಲ್ಲಿ ಕೆಲವು ಹಾವಸೆಗಳಿಂದ ಆನ್ಸಮೈಟೋಸಿನ್ ಗುಂಪಿನ ಗಡ್ಡೆನಿರೋಧಕ ವಸ್ತುಗಳು ಸಿಕ್ಕಿದ್ದವು. ಆ ಕುಟುಂಬದ ವಸ್ತುವೊಂದನ್ನು ಪ್ರತಿಕಾಯಕ್ಕೆ (ಆಂಟಿಬಾಡಿಗೆ) ಜೋಡಿಸಿದ ಔಷಧಕ್ಕೆ 2013ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿಯೂ ದೊರೆಯಿತು. ನಾನು ಈ ಕಥೆಯನ್ನು ಉತ್ಸಾಹದಿಂದ ಹೇಳಿದರೆ ಮೇಡಂ, ‘ಆನ್ಸಮೈಟೋಸಿನ್ ಮೊದಲು ಸಿಕ್ಕಿದ್ದು ಬ್ಯಾಕ್ಟೀರಿಯಾದಲ್ಲಿ. ನಿನ್ನ ಸಾರದಲ್ಲಿರುವುದು ಹಾವಸೆಯದೋ, ಅದರ ಮೈಮೇಲೆ ವಾಸಿಸುವ ಸೂಕ್ಷ್ಮಜೀವಿಯದೋ?’ ಎಂದರು. ನನ್ನ ಮುಂದಿನ ಕೆಲಸ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಕರೆಂಟು ಹೋದ ರಾತ್ರಿಗಳಲ್ಲಿ ಜನರೇಟರ್ ಹಾಕಿ, ಇನ್‌ಕ್ಯುಬೇಟರ್ ತಣ್ಣಗಾಗದಂತೆ ಕಾದ ಲ್ಯಾಬಿನ ಅಣ್ಣನಿಗೂ, ಜೀವಕೋಶ ಬದುಕಿದೆಯೇ ಎಂದು ಬಣ್ಣದಲ್ಲೇ ತೋರಿಸುವ ನನ್ನ ಹಳದಿ-ನೇರಳೆ ತಟ್ಟೆಗಳ ಲೆಕ್ಕವನ್ನು ಮತ್ತೆ ಮತ್ತೆ ಪರಿಶೀಲಿಸಿದ ಗೆಳತಿಗೂ ಪ್ರತ್ಯೇಕವಾಗಿ ಬಂದು ಹೇಳುತ್ತೇನೆ. ಹೆನ್ರಿಯೆಟ್ಟಾ ಲ್ಯಾಕ್ಸ್ ಅವರಿಗೆ ಹೇಳುವ ದಾರಿಯಿಲ್ಲ. 1951ರಲ್ಲಿ ಬಾಲ್ಟಿಮೋರಿನಲ್ಲಿ ಅವರನ್ನು ಕೇಳದೆಯೇ ತೆಗೆದ ಜೀವಕೋಶಗಳ ಸಂತತಿಯೇ ಹೀಲಾ. ಇನ್ನು ಮುಂದೆ ನನ್ನ ಉಪನ್ಯಾಸಗಳಲ್ಲಿ ಅವರ ಹೆಸರು ಮೊದಲ ಸ್ಲೈಡಿನಲ್ಲೇ ಇರುತ್ತದೆ.

ಶುಭಾಶಯ ಕೋರಿದ ನೆಂಟರಿಷ್ಟರಿಗೆಲ್ಲ ವಂದನೆ. ಬಾವಿಕಟ್ಟೆಯ ಪಾಚಿ ಕೆರೆದು ಕಷಾಯ ಮಾಡಬಹುದೇ ಎಂದು ಫೋನಿನಲ್ಲಿ ಕೇಳಿದ ಚಿಕ್ಕಪ್ಪನಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ: ಬೇಡ ಚಿಕ್ಕಪ್ಪ, ಡಾಕ್ಟರು ಬರೆದ ಮಾತ್ರೆ ತಪ್ಪಿಸಬೇಡಿ. ಭಾನುವಾರ ಊಟಕ್ಕೆ ಬರುತ್ತೇನೆ.